ಕಾರ್ಸಿಕಾದ ಚೆಸ್ಟ್‌ನಟ್: ಕೊಯ್ಲು, ಸಂಗ್ರಹ ಮತ್ತು ಸೋಮಾರಿತನದ ಆರೋಪ

ನಮ್ಮ ಕಾಲೇಜುಗಳ ಚರಿತ್ರೆಯ ಪಾಠಗಳಲ್ಲಿ ಕಾರ್ಸಿಕಾ ದ್ವೀಪದ ಹೆಸರು ಸಾಮಾನ್ಯವಾಗಿ ಒಂದೇ ಒಂದು ಸಲ ಬರುತ್ತದೆ. ೧೭೬೯ರ ಆಗಸ್ಟ್ ೧೫ರಂದು ನೆಪೋಲಿಯನ್ ಅಲ್ಲಿ ಹುಟ್ಟಿದನೆಂದು ಹೇಳಿ ಅಧ್ಯಾಪಕರು ಮುಂದೆ ಸಾಗುತ್ತಾರೆ. ವಿದ್ಯಾರ್ಥಿಗಳೂ ಹೆಚ್ಚಿಗೆ ಕೇಳುವುದಿಲ್ಲ. ಆದರೆ ಅದಾದ ಎರಡೇ ವರ್ಷಗಳಲ್ಲಿ, ೧೭೭೧ರ ಜೂನ್ ತಿಂಗಳಿನಲ್ಲಿ, ಫ್ರಾನ್ಸಿನ ರಾಜಸಭೆಯು ಹೊಸದಾಗಿ ಕೈಸೇರಿದ್ದ ಆ ದ್ವೀಪಕ್ಕೆ ಒಂದು ವಿಚಿತ್ರವಾದ ಆಜ್ಞೆಯನ್ನು ಹೊರಡಿಸಿತು. ಗೋಧಿ ಮೊದಲಾದ ಧಾನ್ಯಗಳನ್ನು ಬಿತ್ತಲು, ಹುಲ್ಲುಗಾವಲು ಮಾಡಲು, ದ್ರಾಕ್ಷಿ, ಆಲಿವ್ ಅಥವಾ ಹಿಪ್ಪುನೇರಳೆಯನ್ನು ಬೆಳೆಸಲು ತಕ್ಕುದಾದ ಯಾವ ನೆಲದಲ್ಲಿಯೂ ಇನ್ನುಮುಂದೆ ಚೆಸ್ಟ್‌ನಟ್ ಮರವನ್ನು ನೆಡಕೂಡದು ಎಂಬುದು ಅದರ ತಾತ್ಪರ್ಯ. ಜನರಿಗೆ ಊಟ ಕೊಡುವ ಮರವನ್ನು ಸರ್ಕಾರವೇ ನಿಷೇಧಿಸುವುದೆಂದರೆ ಅದಕ್ಕೊಂದು ಬಲವಾದ ಕಾರಣವಿರಬೇಕಷ್ಟೆ. ಅಂದಿನ ಅಧಿಕಾರಿಗಳು ಕೊಡುತ್ತಿದ್ದ ಕಾರಣ ಇದು: ಈ ಮರವು ದುಡಿಯದೆಯೇ ಅನ್ನವನ್ನು ಕೊಡುತ್ತದೆ, ಆದುದರಿಂದ ಇದನ್ನು ನಂಬಿದ ಜನ ಸೋಮಾರಿಗಳಾಗುತ್ತಾರೆ, ಸೋಮಾರಿಗಳಾದವರು ಜಗಳಗಂಟರೂ ಆಳಲು ಅಸಾಧ್ಯರೂ ಆಗುತ್ತಾರೆ.

ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸಲು ಆಜ್ಞಾಪತ್ರಗಳನ್ನು ಓದಿದರೆ ಸಾಲದು. ಮರದಿಂದ ಬಿದ್ದ ಕಾಯಿ ಊಟದ ತಟ್ಟೆಯನ್ನು ಸೇರುವವರೆಗೆ ನಡೆಯುವ ಕೆಲಸವೇನು, ಅದನ್ನು ಯಾರು ಮಾಡುತ್ತಿದ್ದರು, ಎಷ್ಟು ದಿನ ಹಿಡಿಯುತ್ತಿತ್ತು ಎಂಬುದನ್ನು ನೋಡಬೇಕು. ಪ್ರಸ್ತುತ ಲೇಖನದ ಉದ್ದೇಶ ಇಷ್ಟೇ.

ಮೊದಲು ಒಂದೆರಡು ಗೊಂದಲಗಳನ್ನು ನಿವಾರಿಸಿಕೊಳ್ಳಬೇಕು. ಕೆರೆಯಲ್ಲಿ ಬೆಳೆಯುವ ಶಿಂಗಾಡವನ್ನು ಇಂಗ್ಲಿಷಿನಲ್ಲಿ ‘ವಾಟರ್ ಚೆಸ್ಟ್‌ನಟ್’ ಎನ್ನುವುದುಂಟು. ಅದು ಬೇರೆ ಸಸ್ಯ. ಹಿಮಾಲಯದ ಕಾಡುಗಳಲ್ಲಿ ಕಾಣುವ ‘ಹಾರ್ಸ್ ಚೆಸ್ಟ್‌ನಟ್’ ಕೂಡ ಬೇರೆ ಕುಲದ್ದು. ಅದರ ಬೀಜ ಹಾಗೆಯೇ ತಿನ್ನತಕ್ಕುದಲ್ಲ. ನಾವು ಇಲ್ಲಿ ಹೇಳುತ್ತಿರುವುದು ಓಕ್ ಮರದ ಬಳಗಕ್ಕೆ ಸೇರಿದ, ಸಸ್ಯಶಾಸ್ತ್ರಜ್ಞರು ‘ಕಸ್ತಾನಿಯಾ ಸಟೈವಾ’ ಎಂದು ಕರೆಯುವ ದೊಡ್ಡ ಮರವನ್ನು. ಸುಣ್ಣದ ಅಂಶವುಳ್ಳ ನೆಲ ಇದಕ್ಕೆ ಒಗ್ಗದು. ಬೆಟ್ಟದ ಇಳಿಜಾರಿನ ಕಲ್ಲುಮಿಶ್ರಿತ ಮಣ್ಣು ಒಗ್ಗುತ್ತದೆ. ಕಸಿಮಾಡಿದ ಮರ ಶತಮಾನಗಳ ಕಾಲ ಬಾಳುತ್ತದೆ. ಮುಳ್ಳುಹಂದಿಯ ಮೈಯಂತಹ ಒಂದು ಹೊರಕವಚದೊಳಗೆ ಎರಡು ಮೂರು ಕಾಯಿಗಳು ಕೂಡಿಕೊಂಡಿರುತ್ತವೆ. ಪ್ರತಿಯೊಂದು ಕಾಯಿಗೂ ಕಂದುಬಣ್ಣದ ಗಟ್ಟಿ ಸಿಪ್ಪೆ, ಅದರ ಒಳಗೆ ಒಗರಾದ ತೆಳು ಪೊರೆ, ಅದರ ಒಳಗೆ ಬೆಳ್ಳಗಿನ ತಿರುಳು.

ಈ ತಿರುಳಿನ ಸ್ವಭಾವವನ್ನು ತಿಳಿಯದೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ. ಗೋಡಂಬಿ, ಬಾದಾಮಿ, ಅಕ್ರೋಟುಗಳಂತೆ ಚೆಸ್ಟ್‌ನಟ್ ಎಣ್ಣೆಯ ಬೀಜವಲ್ಲ. ಹಸಿಯ ಕಾಯಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು, ಉಳಿದುದರಲ್ಲಿ ಹೆಚ್ಚಿನ ಪಾಲು ಪಿಷ್ಟ, ಕೊಬ್ಬು ಅತ್ಯಲ್ಪ. ಅಂದರೆ ಗುಣದಲ್ಲಿ ಇದು ಬಾದಾಮಿಗಿಂತ ಹಲಸಿನ ಬೀಜಕ್ಕೆ ಹತ್ತಿರ. ಹಲಸಿನ ಬೀಜವನ್ನು ಮಳೆಗಾಲಕ್ಕೆ ಉಳಿಸಿಕೊಳ್ಳಲು ನಮ್ಮ ಕರಾವಳಿಯ ಮತ್ತು ಮಲೆನಾಡಿನ ಗೃಹಿಣಿಯರು ಕೆಮ್ಮಣ್ಣು ಮೆತ್ತಿಯೋ, ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿಯೋ ಪಡುವ ಪಾಡನ್ನು ಬಲ್ಲವರಿಗೆ ಚೆಸ್ಟ್‌ನಟ್ಟಿನ ಕಷ್ಟವೂ ಕೂಡಲೇ ತಿಳಿದೀತು. ಮರದಿಂದ ಬಿದ್ದ ಕಾಯಿ ಜೀವವಿರುವ ಬೀಜ. ನೀರಾರಿದರೆ ಸಾಯುತ್ತದೆ, ಕಲ್ಲಾಗುತ್ತದೆ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ ಅಥವಾ ಮೊಳೆಯುತ್ತದೆ. ಸಾಲದುದಕ್ಕೆ ಮೂತಿಹುಳುವೂ ಒಂದು ಜಾತಿಯ ಪತಂಗವೂ ಕಾಯಿ ಮರದ ಮೇಲಿರುವಾಗಲೇ ತಮ್ಮ ಸಂತತಿಯನ್ನು ಅದರಲ್ಲಿ ಸೇರಿಸಿಬಿಟ್ಟಿರುತ್ತವೆ. ಗೋಧಿಯನ್ನು ಕಣಜಕ್ಕೆ ತುಂಬಿದಂತೆ ಇದನ್ನು ತುಂಬಿಟ್ಟರೆ ಕೆಲವು ವಾರಗಳಲ್ಲಿ ಉಳಿಯುವುದು ದುರ್ವಾಸನೆ ಮಾತ್ರ.

ಕಾರ್ಸಿಕಾದ ಈಶಾನ್ಯ ಭಾಗದ ಬೆಟ್ಟಸೀಮೆಗೆ ಕಸ್ತಾನಿಚ್ಚಾ ಎಂದು ಹೆಸರು. ಚೆಸ್ಟ್‌ನಟ್ ನಾಡು ಎಂದೇ ಅದರ ಅರ್ಥ. ಜಿನೋವಾ ಗಣರಾಜ್ಯವು ದ್ವೀಪವನ್ನು ಆಳುತ್ತಿದ್ದಾಗ, ೧೫೮೪ರಲ್ಲಿ, ಅಲ್ಲಿಯ ರಾಜ್ಯಪಾಲನು ಪ್ರತಿಯೊಬ್ಬ ಭೂಮಾಲೀಕನೂ ಗೇಣಿದಾರನೂ ವರ್ಷಕ್ಕೆ ನಾಲ್ಕು ಮರಗಳನ್ನು, ಎಂದರೆ ಒಂದು ಚೆಸ್ಟ್‌ನಟ್, ಒಂದು ಆಲಿವ್, ಒಂದು ಅಂಜೂರ, ಒಂದು ಹಿಪ್ಪುನೇರಳೆಯನ್ನು, ನೆಡಬೇಕೆಂದು ವಿಧಿಸಿದನು. ಚೆಸ್ಟ್‌ನಟ್ ಅದಕ್ಕೂ ಮುಂಚೆಯೇ ದ್ವೀಪದಲ್ಲಿತ್ತು. ಆದರೆ ಈ ಬೆಟ್ಟಗಳು ಅದರ ತೋಪುಗಳಿಂದ ತುಂಬಿದ್ದು ಆಮೇಲಿನ ಎರಡು ಶತಮಾನಗಳಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಕಸ್ತಾನಿಚ್ಚಾ ದ್ವೀಪದ ಅತ್ಯಂತ ಜನನಿಬಿಡ ಪ್ರದೇಶಗಳಲ್ಲಿ ಒಂದಾಗಿತ್ತು. ಜಿನೋವಾದ ವಿರುದ್ಧ ೧೭೨೯ರಲ್ಲಿ ಮೊದಲಾದ ದಂಗೆಗೆ ಮುಂದೆ ನಾಯಕನಾದ ಪಾಸ್ಕ್ವಾಲೆ ಪಾವೊಲಿ ಹುಟ್ಟಿದ ಮೊರೊಸಾಲ್ಯಾ ಗ್ರಾಮವೂ ಇಲ್ಲಿಯದೇ. ಒಂದು ಸರ್ಕಾರ ನೆಡಬೇಕೆಂದು ಆಜ್ಞಾಪಿಸಿದ ಮರವನ್ನೇ ಇನ್ನೊಂದು ಸರ್ಕಾರ ನೆಡಕೂಡದೆಂದು ಆಜ್ಞಾಪಿಸಿತು. ನೆಡುವವನ ಅಭಿಪ್ರಾಯವನ್ನು ಎರಡೂ ಕೇಳಿದಂತೆ ಕಾಣುವುದಿಲ್ಲ.

ಇಲ್ಲಿಯ ಮರಗಳ ಒಡೆತನದ ಪದ್ಧತಿ ಗಮನಿಸತಕ್ಕದ್ದು. ನೆಲ ಒಬ್ಬನದು, ಅದರ ಮೇಲಿನ ಮರ ಇನ್ನೊಬ್ಬನದು ಆಗಿರಬಹುದಾಗಿತ್ತು. ಊರಿನ ಸಾಮುದಾಯಿಕ ಭೂಮಿಯಲ್ಲಿ ಕಾಡುಸಸಿಗೆ ಕಸಿ ಕಟ್ಟಿದವನಿಗೆ ಮರದ ಮೇಲೆ ಹಕ್ಕು ಬರುತ್ತಿತ್ತು. ನೆಲ ಮಾತ್ರ ಊರಿನದಾಗಿಯೇ ಉಳಿಯುತ್ತಿತ್ತು. ತಂದೆ ಸತ್ತಾಗ ಮಕ್ಕಳು ಹಂಚಿಕೊಳ್ಳುತ್ತಿದ್ದುದು ಮರಗಳನ್ನು; ಒಂದೇ ಮರದಲ್ಲಿ ಪಾಲುಗಳಾಗುವುದೂ ಇತ್ತು. ಸ್ವಂತ ಹೊಲವಿಲ್ಲದ ಬಡವನಿಗೂ ಸ್ವಂತ ಮರವಿರಬಹುದು ಎಂಬುದೇ ಈ ಪದ್ಧತಿಯ ದೊಡ್ಡ ಗುಣ. ಅಳತೆಗೋಲು ಹಿಡಿದು ಬಂದ ಅಧಿಕಾರಿಗೆ ಇದೇ ದೊಡ್ಡ ತಲೆನೋವಾಗಿದ್ದಿರಬೇಕು ಎಂಬುದು ನನ್ನ ಊಹೆ.

ಇನ್ನು ಕೊಯ್ಲು. ಜೂನ್ ಜುಲೈ ತಿಂಗಳುಗಳಲ್ಲಿ ಹೂ ಬಿಟ್ಟು, ಅಕ್ಟೋಬರ್ ನವೆಂಬರುಗಳಲ್ಲಿ ಮುಳ್ಳುಕವಚ ತಾನಾಗಿಯೇ ಬಿರಿದು ಕಾಯಿ ಉದುರುತ್ತದೆ. ‘ತಾನಾಗಿಯೇ’ ಎಂಬ ಈ ಒಂದು ಪದದಲ್ಲಿಯೇ ಸೋಮಾರಿತನದ ಆರೋಪವೆಲ್ಲ ಅಡಗಿದೆ. ಆದರೆ ಕಾಯಿ ಬೀಳುವ ಮೊದಲೇ ಮರದ ಕೆಳಗಿನ ಜರಿಗಿಡ, ಹುಲ್ಲು, ಮುಳ್ಳುಪೊದೆಗಳನ್ನು ಕುಡುಗೋಲಿನಿಂದ ಸವರಿ ನೆಲವನ್ನು ಚೊಕ್ಕಟಗೊಳಿಸಬೇಕು. ಇಲ್ಲವಾದರೆ ಕಾಯಿ ಕಣ್ಣಿಗೆ ಬೀಳದು. ಇಳಿಜಾರಿನಲ್ಲಿ ಕಾಯಿ ಉರುಳಿ ಹೋಗದಂತೆ ಅಲ್ಲಲ್ಲಿ ಕಲ್ಲಿನ ಒಡ್ಡು ಕಟ್ಟಬೇಕು. ಹಂದಿ ಮೇಕೆಗಳನ್ನು ದೂರವಿಡಬೇಕು. ಅಲ್ಲಿಂದ ಮುಂದೆ ಕಾಯಿ ಉದುರುವಷ್ಟು ಕಾಲವೂ ದಿನಬಿಟ್ಟು ದಿನವಾದರೂ ಬಗ್ಗಿ ಆರಿಸಬೇಕು. ಒದ್ದೆ ನೆಲದ ಮೇಲೆ ನಾಲ್ಕು ದಿನ ಬಿದ್ದ ಕಾಯಿ ಕೆಟ್ಟಿತೆಂದೇ ಲೆಕ್ಕ. ಅರ್ಧ ಬಿರಿದ ಕವಚಗಳನ್ನು ಕಾಲಿನಿಂದ ತುಳಿದೋ ಕವಲುಕೋಲಿನಿಂದ ಒತ್ತಿಯೋ ಬಿಡಿಸಬೇಕು. ಆರಿಸುವವರು ಹೆಂಗಸರು ಮತ್ತು ಮಕ್ಕಳು. ಹೆಚ್ಚು ಮರಗಳುಳ್ಳವರು ಕೂಲಿಗೆ ಜನರನ್ನು ಕರೆಯುತ್ತಿದ್ದರು. ಕೂಲಿಯನ್ನು ಕಾಯಿಯ ರೂಪದಲ್ಲಿಯೇ ಅಳೆದುಕೊಡುವ ರೂಢಿಯಿತ್ತು. ಆರಿಸುವಾಗಲೇ ಕೈಯಲ್ಲಿ ತೂಗಿ ನೋಡಿ ಹಗುರಾದುದನ್ನು, ತೂತುಬಿದ್ದುದನ್ನು ಬೇರೆ ಬುಟ್ಟಿಗೆ ಹಾಕುವುದು ಅನುಭವದ ಮಾತು. ಅದು ಹಂದಿಗಳ ಪಾಲು.

ಬುಟ್ಟಿ ಮನೆಗೆ ಬಂದ ಮೇಲೆ ಎರಡು ದಾರಿಗಳು. ಬೀಜವನ್ನು ಜೀವಂತವಾಗಿ ಉಳಿಸಿಕೊಳ್ಳುವುದು ಒಂದು, ಕೊಂದು ಒಣಗಿಸಿ ಉಳಿಸಿಕೊಳ್ಳುವುದು ಇನ್ನೊಂದು.

ಮೊದಲನೆಯ ದಾರಿಯಲ್ಲಿ ಕಾರ್ಸಿಕಾಕ್ಕೆ ಎದುರು ದಡದಲ್ಲಿರುವ ಇಟಲಿಯ ತಸ್ಕನಿ, ಲಿಗೂರಿಯಾ ಮೊದಲಾದ ಪ್ರಾಂತಗಳ ಬೆಟ್ಟದ ಜನ ನಿಪುಣರು. ಪೂರ್ತಿ ಬಿರಿಯದ ಕಾಯಿಗಳನ್ನು ಮುಳ್ಳುಕವಚ ಸಹಿತವಾಗಿಯೇ ನೆರಳಿನಲ್ಲಿ ರಾಶಿಮಾಡಿ, ಮೇಲೆ ಎಲೆಗಳನ್ನೂ ಮಣ್ಣನ್ನೂ ಮುಚ್ಚುವುದು ಒಂದು ಕ್ರಮ. ರಾಶಿಯೊಳಗೆ ನಡೆಯುವ ಮೆಲ್ಲನೆಯ ಹುದುಗುವಿಕೆ ಬೂಷ್ಟನ್ನು ತಡೆಯುತ್ತದೆ; ಹೀಗಿಟ್ಟ ಕಾಯಿ ಕೆಲವು ತಿಂಗಳು ಹಸಿಯಾಗಿಯೇ ಇರುತ್ತದೆ. ಎರಡನೆಯದು ನೀರಿನ ಕ್ರಮ. ಕಾಯಿಗಳನ್ನು ತಣ್ಣೀರಿನ ತೊಟ್ಟಿಗೆ ಸುರಿದಾಗ ಹುಳು ಹಿಡಿದುವು ತೇಲುತ್ತವೆ, ಅವನ್ನು ತೆಗೆದೆಸೆಯುತ್ತಾರೆ. ಉಳಿದುದನ್ನು ಒಂಬತ್ತು ದಿನಗಳವರೆಗೆ ನೀರಿನಲ್ಲಿಯೇ ಬಿಡುವುದುಂಟು. ಅದಕ್ಕಾಗಿಯೇ ಇಟಲಿಯಲ್ಲಿ ಇದಕ್ಕೆ ‘ನೊವೇನಾ’ ಎಂದು ಹೆಸರು. ಒಂಬತ್ತು ದಿನಗಳ ಪ್ರಾರ್ಥನಾವ್ರತಕ್ಕೂ ಕ್ರೈಸ್ತರಲ್ಲಿ ಇದೇ ಹೆಸರು. ನೀರಿನಲ್ಲಿ ಉಂಟಾಗುವ ಹುಳಿ ಶಿಲೀಂಧ್ರಗಳನ್ನು ತಡೆಯುತ್ತದೆ, ಒಳಗಿನ ಹುಳುಗಳು ಉಸಿರುಕಟ್ಟಿ ಸಾಯುತ್ತವೆ. ಬಳಿಕ ನೆರಳಿನಲ್ಲಿ ತೆಳ್ಳಗೆ ಹರಡಿ, ದಿನವೂ ಕೈಯಾಡಿಸುತ್ತ ಮೇಲಿನ ತೇವವನ್ನು ಮಾತ್ರ ಆರಿಸಬೇಕು. ಆಮೇಲೆ ಒಣಮರಳಿನ ಪದರಗಳ ನಡುವೆ ಇಡಬಹುದು. ಇಂದು ವ್ಯಾಪಾರಿಗಳು ಸುಮಾರು ೫೦ ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ಮುಕ್ಕಾಲು ಗಂಟೆ ಮುಳುಗಿಸಿ, ಕೂಡಲೇ ತಣ್ಣೀರಿಗೆ ಹಾಕಿ, ಶೀತಾಗಾರದಲ್ಲಿ ಇಡುತ್ತಾರೆ. ಹುಳುವನ್ನು ಕೊಂದು ಕಾಯಿಯನ್ನು ಬೇಯಿಸದೆ ಬಿಡುವ ಹದ ಅದು. ಮನೆಯ ಹಿತ್ತಿಲಲ್ಲಿ ಒಂದೆರಡು ಮರಗಳುಳ್ಳವರಿಗೆ ತಣ್ಣೀರಿನ ಕ್ರಮ ಈಗಲೂ ಸಾಕಾಗುತ್ತದೆ.

ಆದರೆ ಈ ಉಪಾಯಗಳೆಲ್ಲ ಕಾಯಿಯನ್ನು ಹೆಚ್ಚೆಂದರೆ ಚಳಿಗಾಲದ ಕೊನೆಯವರೆಗೆ ದಾಟಿಸಿಯಾವು. ಇಡೀ ವರ್ಷದ ಅನ್ನವಾಗಬೇಕಾದರೆ ಎರಡನೆಯ ದಾರಿಯೇ ಗತಿ, ಮತ್ತು ಕಾರ್ಸಿಕಾದ ಜೀವನವೆಲ್ಲ ಅದರ ಮೇಲೆ ನಿಂತಿತ್ತು. ಅಲ್ಲಿಯ ಹಳೆಯ ಮನೆಗಳಲ್ಲಿ ಅಡಿಗೆಕೋಣೆಯ ನಡುವೆ ನೆಲದ ಮೇಲೆಯೇ ಒಲೆ, ಹೊಗೆಗೂಡು ಇಲ್ಲ. ಒಲೆಯ ಮೇಲ್ಗಡೆ, ಆಳೆತ್ತರಕ್ಕಿಂತ ಸ್ವಲ್ಪ ಎತ್ತರದಲ್ಲಿ, ಬೆರಳು ಸಂದಿ ಬಿಟ್ಟು ಮರದ ಪಟ್ಟಿಗಳನ್ನು ಜೋಡಿಸಿದ ಅಟ್ಟ. ಆರಿಸಿ ತಂದ ಕಾಯಿಗಳನ್ನು ಅದರ ಮೇಲೆ ಗೇಣು ಮೊಳದಷ್ಟು ದಪ್ಪಕ್ಕೆ ಹರಡುತ್ತಾರೆ. ಈ ಲೇಖಕನು ಕಾರ್ಸಿಕಾವನ್ನು ಕಂಡವನಲ್ಲ. ಆದರೆ ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿ ಒಲೆಯ ಮೇಲಣ ಅಟ್ಟದಲ್ಲಿ ಅಡಕೆ, ಕೊಬ್ಬರಿಗಳನ್ನು ಒಣಗಿಸುತ್ತಿದ್ದುದನ್ನು ಬಾಲ್ಯದಲ್ಲಿ ನೋಡಿದ್ದಾನೆ. ಮಸಿಹಿಡಿದು ಮಿರುಗುವ ಜಂತೆಗಳೂ ಕಣ್ಣುರಿಸುವ ಹೊಗೆಯೂ ಎರಡು ಕಡೆಗಳಲ್ಲಿಯೂ ಒಂದೇ ಇದ್ದಿರಬೇಕು.

ಕೆಳಗಿನ ಬೆಂಕಿ ಉರಿಯಬಾರದು, ಆರಲೂಬಾರದು. ಉರಿ ಜೋರಾದರೆ ಕಾಯಿಯ ಹೊರಭಾಗ ಬಿಗಿದುಕೊಂಡು ಒಳಗೆ ತೇವ ಉಳಿಯುತ್ತದೆ, ಅಥವಾ ಸುಟ್ಟು ಹಿಟ್ಟು ಕಹಿಯಾಗುತ್ತದೆ. ಅಟ್ಟಕ್ಕೇ ಬೆಂಕಿ ತಗಲುವ ಭಯವೂ ಉಂಟು. ಉರಿ ಕಡಿಮೆಯಾದರೆ ಕಾಯಿ ಬೆವತು ಹುಳಿಯುತ್ತದೆ. ಆದುದರಿಂದ ದಪ್ಪ ಕೊರಡುಗಳನ್ನು ಬೂದಿ ಮುಚ್ಚಿ ಹಗಲೂ ರಾತ್ರಿಯೂ ಹೊಗೆಯಾಡಿಸುತ್ತ ಇರಬೇಕು. ಇದು ಮೂರು ನಾಲ್ಕು ವಾರಗಳ ಕೆಲಸ. ಕೆಲವೊಮ್ಮೆ ಇನ್ನೂ ಹೆಚ್ಚು. ನಡುವೆ ಕೆಳಗಿನ ಕಾಯಿ ಮೇಲಕ್ಕೂ ಮೇಲಿನದು ಕೆಳಕ್ಕೂ ಬರುವಂತೆ ರಾಶಿಯನ್ನು ಮಗುಚಬೇಕು. ಕಡಿದರೆ ಪಟ್ಟನೆ ಒಡೆಯುವಷ್ಟು ಒಣಗಿದಾಗ ಇಳಿಸಿ, ಚೀಲದಲ್ಲಿ ತುಂಬಿ ದಿಮ್ಮಿಯ ಮೇಲೆ ಬಡಿಯುತ್ತಾರೆ. ಸಿಪ್ಪೆಯೂ ಒಳಪೊರೆಯೂ ಪುಡಿಯಾಗಿ ಕಳಚುತ್ತವೆ. ಅನಂತರ ಕೇರುವುದು, ಒಂದೊಂದಾಗಿ ಆರಿಸುವುದು. ಕಪ್ಪಾದ ಒಂದು ಕಾಯಿ ಒಂದು ಸೇರು ಹಿಟ್ಟಿನ ರುಚಿಯನ್ನು ಕೆಡಿಸಬಲ್ಲುದಾದುದರಿಂದ ಈ ಕೊನೆಯ ಆರಿಸುವಿಕೆಗೇ ಅನೇಕ ಸಂಜೆಗಳು ಹಿಡಿಯುತ್ತಿದ್ದುವು. ಕಾರ್ಸಿಕಾದವರು ಇಷ್ಟಕ್ಕೂ ಬಿಡದೆ, ರೊಟ್ಟಿ ಸುಡುವ ಗೂಡಿನ ಇಳಿಶಾಖದಲ್ಲಿ ಕಾಯಿಗಳನ್ನು ಇನ್ನೊಮ್ಮೆ ಬಿಸಿಮಾಡಿ ಆಮೇಲೆ ಗಿರಣಿಗೆ ಒಯ್ಯುತ್ತಾರೆ. ಹಿಟ್ಟನ್ನು ಮರದ ಪೆಟಾರಿಗಳಲ್ಲಿ ಗಾಳಿಯಾಡದಂತೆ ಒತ್ತಿ ತುಂಬುತ್ತಾರೆ. ಮೂರು ಕಿಲೋಗ್ರಾಂ ಹಸಿಕಾಯಿಗೆ ಕೈಗೆ ಬರುವುದು ಸುಮಾರು ಒಂದು ಕಿಲೋಗ್ರಾಂ ಒಣತಿರುಳು. ಬೆನ್ನ ಮೇಲೆ ಹೊತ್ತು ತಂದ ಮೂರು ಬುಟ್ಟಿಗಳಲ್ಲಿ ಎರಡು ಬುಟ್ಟಿಯಷ್ಟು ಭಾರ ಹೊಗೆಯಲ್ಲಿಯೂ ಸಿಪ್ಪೆಯಲ್ಲಿಯೂ ಹೋಯಿತೆಂದು ತಿಳಿಯಬೇಕು.

ಈ ಹಿಟ್ಟಿನಿಂದ ಮಾಡುವ ನಿತ್ಯದ ಊಟಕ್ಕೆ ‘ಪುಲೆಂದಾ’ ಎಂದು ಹೆಸರು. ಕುದಿಯುವ ನೀರಿಗೆ ಹಿಟ್ಟು ಸುರಿದು, ಕೋಲಿನಿಂದ ಬಲವಾಗಿ ತೊಳಸಿ, ಗಟ್ಟಿಯಾದ ಮೇಲೆ ಹಿಟ್ಟು ಉದುರಿಸಿದ ಬಟ್ಟೆಯ ಮೇಲೆ ಮಗುಚಿ, ದಾರದಿಂದ ಕೊಯ್ದು ಹಂಚುತ್ತಾರೆ. ರಾಗಿಮುದ್ದೆಯನ್ನು ಉಂಡು ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮುದ್ದೆ ಸ್ವಲ್ಪ ಸಿಹಿಯಾಗಿರುತ್ತದೆ ಎಂಬುದಷ್ಟೇ ವ್ಯತ್ಯಾಸ. ಮಿಗತೆಯಾದ ಹಿಟ್ಟನ್ನೂ ಒಣಕಾಯಿಯನ್ನೂ ಹೇಸರಗತ್ತೆಗಳ ಮೇಲೆ ಸಾಗಿಸಿ, ಬೇರೆ ಸೀಮೆಗಳ ಎಣ್ಣೆ, ದ್ರಾಕ್ಷಾರಸ, ಗಿಣ್ಣುಗಳಿಗೆ ಬದಲಾಯಿಸಿಕೊಳ್ಳುತ್ತಿದ್ದರು.

ಹೀಗೆ ನೆಲ ಸವರುವ ಸೆಪ್ಟೆಂಬರಿನಿಂದ ಹಿಟ್ಟು ಪೆಟಾರಿ ಸೇರುವ ಜನವರಿಯವರೆಗೆ ಒಂದು ಕುಟುಂಬದ ಕೈಗಳಿಗೆ ಬಿಡುವಿರಲಿಲ್ಲ. ಅಂದಮೇಲೆ ಸೋಮಾರಿತನದ ಮಾತು ಎಲ್ಲಿಂದ ಬಂತು? ನನಗೆ ತೋರುವ ಉತ್ತರ ಇದು. ನೋಡಿದವರು ನೋಡಿದ್ದು ಮರವನ್ನು, ಮನೆಯನ್ನಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬಾಸ್ವೆಲ್ ೧೭೬೫ರ ಅಕ್ಟೋಬರಿನಲ್ಲಿ ಪಾವೊಲಿಯನ್ನು ಕಾಣಲು ಕಾರ್ಸಿಕಾಕ್ಕೆ ಹೋಗಿದ್ದನು. ದಾರಿಯಲ್ಲಿ ಹಸಿವಾದಾಗ ತಾನೂ ಜೊತೆಗಾರರೂ ಚೆಸ್ಟ್‌ನಟ್ ಮರಗಳಿಗೆ ಕಲ್ಲು ಬೀರಿ, ಉದುರಿದ ಕಾಯಿಗಳಿಂದ ಜೇಬು ತುಂಬಿಕೊಂಡು, ತೊರೆಯ ನೀರು ಕುಡಿದು ಮುಂದೆ ನಡೆದುದನ್ನು ೧೭೬೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಉಲ್ಲಾಸದಿಂದ ವರ್ಣಿಸಿದ್ದಾನೆ. ಬಾಸ್ವೆಲ್ ಆ ಜನರ ಮಿತ್ರ; ಅವನು ನಿಂದೆಗಾಗಿ ಬರೆದುದಲ್ಲ. ಆದರೆ ಅಕ್ಟೋಬರಿನ ದಾರಿಹೋಕನಿಗೆ ಕಾಣುವ ಚಿತ್ರ ಅದೇ: ಕಲ್ಲು ಬೀರಿದರೆ ಊಟ. ಅವನು ಡಿಸೆಂಬರಿನಲ್ಲಿ ಒಂದು ಅಡಿಗೆಕೋಣೆಯ ಹೊಗೆಯಲ್ಲಿ ಕುಳಿತಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಉಳುವ ಕೆಲಸ ಬಯಲಿನಲ್ಲಿ, ಗಂಡಸರಿಂದ, ನೇಗಿಲಿನೊಡನೆ ನಡೆಯುತ್ತದೆ. ಅಧಿಕಾರಿಯ ಕಣ್ಣಿಗೆ ಅದು ದುಡಿಮೆ. ಬೆಂಕಿ ಕಾಯುವುದು, ಮಗುಚುವುದು, ಕೇರುವುದು ಮನೆಯೊಳಗಣ ಹೆಂಗಸರ ಕೆಲಸ. ಅದು ಯಾವ ದಫ್ತರಕ್ಕೂ ಸೇರಲಿಲ್ಲ. ಮರದ ಫಲವನ್ನು ನಂಬಿದ ಜನರನ್ನು ಸೋಮಾರಿಗಳೆಂದು ಕರೆದವರು ಫ್ರೆಂಚರು ಮಾತ್ರವಲ್ಲ. ಇಂತಹ ಆರೋಪಗಳು ಆಗ್ನೇಯ ಏಷ್ಯದಲ್ಲಿ ವಸಾಹತು ಆಡಳಿತಕ್ಕೆ ಹೇಗೆ ಒದಗಿಬಂದುವೆಂಬುದನ್ನು ಸಯ್ಯದ್ ಹುಸೇನ್ ಅಲಾತಾಸ್ ೧೯೭೭ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ; ವಿದ್ಯಾರ್ಥಿಗಳು ಅದನ್ನು ಈ ಪ್ರಸಂಗದೊಡನೆ ಹೋಲಿಸಿ ಓದಬಹುದು.

ಆಜ್ಞೆಯ ಹಿಂದೆ ಇನ್ನೊಂದು ಕಾರಣವೂ ಇದ್ದಿತೆಂದು ನಂಬಲು ಅವಕಾಶವಿದೆ. ಜಿನೋವಾ ೧೭೬೮ರಲ್ಲಿ ದ್ವೀಪವನ್ನು ಫ್ರಾನ್ಸಿಗೆ ಒಪ್ಪಿಸಿತು. ೧೭೬೯ರ ಮೇ ತಿಂಗಳಿನ ಪೊಂತೆನೋವೊ ಯುದ್ಧದಲ್ಲಿ ಸೋತ ಪಾವೊಲಿ ದೇಶಬಿಟ್ಟು ಇಂಗ್ಲೆಂಡಿಗೆ ಹೋದನು. ಆದರೂ ಬೆಟ್ಟಗಳು ಶಾಂತವಾಗಲಿಲ್ಲ. ಗೋಧಿ ಬೆಳೆಯುವ ಬಯಲಿನವರನ್ನು ಫಸಲು ಸುಟ್ಟು ಮಣಿಸಬಹುದು. ಅಟ್ಟದ ಮೇಲೂ ಪೆಟಾರಿಯಲ್ಲೂ ವರ್ಷದ ಅನ್ನವನ್ನಿಟ್ಟುಕೊಂಡು ಕಾಡಿನ ನಡುವೆ ಇರುವವರನ್ನು ಹಸಿವಿನಿಂದ ಮಣಿಸುವುದು ಸುಲಭವಲ್ಲ. ಸೋಮಾರಿ ಎಂದು ನಿಂದಿಸಲ್ಪಟ್ಟ ಮರ ವಾಸ್ತವವಾಗಿ ಸ್ವತಂತ್ರವಾದ ಮರವಾಗಿತ್ತು. ಏನೇ ಇರಲಿ, ಆಜ್ಞೆ ಬಹುಕಾಲ ನಿಲ್ಲಲಿಲ್ಲ. ೧೭೭೩ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆಲೂಗೆಡ್ಡೆಯ ಪ್ರಚಾರದಿಂದ ಪ್ರಸಿದ್ಧನಾದ ಪಾರ್ಮಾಂತಿಯೆ ೧೭೮೦ರಲ್ಲಿ ಚೆಸ್ಟ್‌ನಟ್ಟನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ಈ ಹಿಟ್ಟಿನಿಂದ ಗೋಧಿಯಂತೆ ಉಬ್ಬುವ ರೊಟ್ಟಿಯನ್ನು ಮಾಡಬಹುದೇ ಎಂಬುದು ಅವನು ಪರೀಕ್ಷಿಸಿದ ಪ್ರಶ್ನೆಗಳಲ್ಲೊಂದು. ಆಗದು ಎಂಬುದೇ ಉತ್ತರ; ಗೋಧಿಯಲ್ಲಿರುವ ಅಂಟು ಇದರಲ್ಲಿಲ್ಲ. ರೊಟ್ಟಿಯಾದರೆ ಮಾತ್ರ ಅನ್ನ ಎಂದು ಭಾವಿಸುವವರಿಗೆ ಮುದ್ದೆ ಉಣ್ಣುವವರು ಅರ್ಥವಾಗುವುದು ಕಷ್ಟ.

ಆಜ್ಞೆಯಿಂದ ಆಗದುದು ಪೇಟೆಯಿಂದ ಆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಚರ್ಮ ಹದಮಾಡುವ ಟ್ಯಾನಿನ್ನನ್ನು ತೆಗೆಯಲು ಕಾರ್ಖಾನೆಗಳು ಚೆಸ್ಟ್‌ನಟ್ ಮರಗಳನ್ನು ಕೊಂಡು ಕಡಿಸತೊಡಗಿದುವು. ಹೊರಗಿನಿಂದ ಗೋಧಿಹಿಟ್ಟು ಅಗ್ಗವಾಗಿ ಬಂತು. ಮೊದಲನೆಯ ಮಹಾಯುದ್ಧದಲ್ಲಿಯೂ ವಲಸೆಯಲ್ಲಿಯೂ ಹಳ್ಳಿಗಳು ಬರಿದಾದುವು. ಬೆಂಕಿ ಕಾಯುವವರಿಲ್ಲದ ಮೇಲೆ ಮರವಿದ್ದೂ ಪ್ರಯೋಜನವಿಲ್ಲ. ಕಾಯಿ ಹಂದಿಗಳ ಪಾಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗುಗಳು ನಿಂತು ಗೋಧಿ ದೊರೆಯದಾದಾಗ, ಅಟ್ಟ ಉಳಿಸಿಕೊಂಡಿದ್ದ ಮನೆಗಳವರು ಮತ್ತೆ ಕಾಯಿ ಒಣಗಿಸಿದರು.

ಇಂದು ಕಾರ್ಸಿಕಾದ ಚೆಸ್ಟ್‌ನಟ್ ಹಿಟ್ಟು ದುಬಾರಿಯಾದ ವಿಶೇಷ ಪದಾರ್ಥ. ಫ್ರೆಂಚ್ ಸರ್ಕಾರ ೨೦೦೬ರಲ್ಲಿ ಅದಕ್ಕೆ ಮೂಲಸ್ಥಾನದ ಹೆಸರಿನ ರಕ್ಷಣೆಯನ್ನು ಕೊಟ್ಟಿತು. ಆದರೆ ೨೦೧೦ರ ಸುಮಾರಿಗೆ, ಚೀನಾದಿಂದ ಹೊರಟು ೨೦೦೨ರಲ್ಲಿ ಇಟಲಿಯಲ್ಲಿ ಮೊದಲು ಕಂಡುಬಂದ ಒಂದು ಸಣ್ಣ ಕಣಜದ ಜಾತಿ ದ್ವೀಪವನ್ನೂ ಮುಟ್ಟಿತು. ಅದು ಎಲೆಮೊಗ್ಗುಗಳಲ್ಲಿ ಗಂಟುಗಳನ್ನು ಎಬ್ಬಿಸಿ ಫಸಲನ್ನು ಕುಗ್ಗಿಸುತ್ತದೆ. ಅದನ್ನು ತಿನ್ನುವ ಇನ್ನೊಂದು ಪರತಂತ್ರ ಕೀಟವನ್ನು ತಂದು ಬಿಟ್ಟಿದ್ದಾರೆ. ಕಸ್ತಾನಿಚ್ಚಾದ ಕೆಲವು ಮನೆಗಳವರು ಈಗಲೂ ಚಳಿಗಾಲದ ಮೊದಲಲ್ಲಿ ಕೊರಡಿಗೆ ಬೂದಿ ಮುಚ್ಚಿ ಅಟ್ಟದ ಕೆಳಗೆ ಹೊಗೆ ಹಾಕುತ್ತಾರೆ.